ಕಾವಿಗೆ ಕೂತ ಕೈಪಿಡಿ

ಪ್ರೋಗ್ರಾಂ ಬರೆಯುವುದು ನನ್ನ ಉದ್ಯೋಗ ಎಂದು ಗೊತ್ತಾದ ಕೂಡಲೇ ಜನ ನನ್ನ ತಲೆಯ ಕಡೆ ಒಮ್ಮೆ ಗೌರವದಿಂದ ನೋಡುತ್ತಾರೆ. ಅದರೊಳಗೆ ಏನೇನೋ ತುಂಬಿರಬೇಕು ಎಂಬ ಭಾವನೆ. ಅವರ ಗೌರವ ಕೆಡಿಸಲು ನಾನು ಹೋಗುವುದಿಲ್ಲ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಇಷ್ಟು ವರ್ಷ ಇದೇ ಕೆಲಸ ಮಾಡಿಯೂ, ತಾರೀಖು ಬರೆಯುವಾಗ ತಿಂಗಳಿಗೆ ದೊಡ್ಡ ‘ಎಂ’ ಹಾಕಬೇಕೋ ಚಿಕ್ಕ ‘ಎಂ’ ಹಾಕಬೇಕೋ ನನಗೆ ಇಂದಿಗೂ ನೆನಪಿಲ್ಲ. ಒಂದು ಪ್ರೋಗ್ರಾಂ ಭಾಷೆಯಲ್ಲಿ ದೊಡ್ಡದು ತಿಂಗಳು, ಚಿಕ್ಕದು ನಿಮಿಷ. ಇನ್ನೊಂದರಲ್ಲಿ ಇದರ ನೇರ ಉಲ್ಟಾ. ನೆನಪನ್ನು ನಂಬಿ ಬರೆದ ಒಂದು ದಿನ ನನ್ನ ಪ್ರೋಗ್ರಾಂ ವರ್ಷದ ಐವತ್ತಮೂರನೆಯ ತಿಂಗಳನ್ನು ಕಂಡುಹಿಡಿಯಿತು. ಸಂಬಳದ ದಿನವಾಗಿದ್ದರೆ ಯಾರಾದರೂ ಗಲಾಟೆ ಮಾಡುತ್ತಿದ್ದರು. ಅದು ರಬ್ಬರ್ ಶೀಟು ಒಣಗಿಸುವ ಹೊಗೆಕೋಣೆಯ ಲೆಕ್ಕವಾದ್ದರಿಂದ ರಬ್ಬರು ಸುಮ್ಮನಿತ್ತು.

ಕುಂಬ್ರದಲ್ಲಿ ನಮ್ಮ ಮನೆಯ ಎದುರಿನ ಕೋಣೆಯೇ ನನ್ನ ಆಫೀಸು. ದೊಡ್ಡ ಕಂಪೆನಿಗಳಿಗೆ ನಾನು ಬೇಡ, ನನಗೂ ಅವರು ಬೇಡ. ಸುತ್ತಮುತ್ತಲಿನ ಸಣ್ಣ ಯಂತ್ರಗಳಿಗೆ ಬುದ್ಧಿ ಹೇಳಿಕೊಡುವುದು ನನ್ನ ಕೆಲಸ. ಇಂತಿಷ್ಟು ಬಿಸಿಯಾದರೆ ನಿಲ್ಲು, ಇಂತಿಷ್ಟು ತಣಿದರೆ ಹೊತ್ತಿಕೋ, ನೀರು ಮುಗಿದರೆ ಕೂಗು. ಮಕ್ಕಳಿಗೆ ಹೇಳಿದರೆ ಕೇಳದ ಮಾತುಗಳನ್ನೆಲ್ಲ ಯಂತ್ರಗಳು ಕೇಳುತ್ತವೆ. ಒಂದೇ ತೊಂದರೆ ಎಂದರೆ, ಹೇಳುವ ಮಾತಿನಲ್ಲಿ ಒಂದು ಚುಕ್ಕಿ ಹೆಚ್ಚುಕಮ್ಮಿಯಾದರೂ ಅವು ಮುಖ ತಿರುಗಿಸುತ್ತವೆ. ಆದ್ದರಿಂದ ನನ್ನ ಮೇಜಿನ ಮೇಲೆ ಯಾವಾಗಲೂ ನಾಲ್ಕೈದು ತೆಳ್ಳನೆಯ ಪುಸ್ತಕಗಳು ಇರುತ್ತವೆ. ಕ್ವಿಕ್ ರೆಫರೆನ್ಸ್ ಎಂದು ಅವುಗಳ ಜಾತಿ. ಅಂಗೈ ಅಗಲ, ಬೆರಳಿಗಿಂತ ತೆಳು. ಪಾಠ ಹೇಳುವುದಿಲ್ಲ, ಕಥೆ ಹೇಳುವುದಿಲ್ಲ, ಮುನ್ನುಡಿಯೂ ಇಲ್ಲ. ಬೇಕಾದ ಪುಟ ತೆರೆದರೆ ಬೇಕಾದ ಸಾಲು. ಮಾತು ಕಮ್ಮಿ ಇರುವ ನೆಂಟರ ಹಾಗೆ. ಅಂಥವರು ಬಂದರೆ ನಮಗೆ ಖುಷಿ, ಹೋದರೆ ಬೇಸರ.

ಈ ಪುಸ್ತಕಗಳ ವಿಷಯದಲ್ಲಿ ಊರಿನಲ್ಲಿ ನನಗೆ ಹೆಚ್ಚು ಬೆಂಬಲವಿಲ್ಲ. ಮೊದಲ ವಿರೋಧಿ ನಮ್ಮ ಯಜಮಾನರು. ಶಾಲೆಯಲ್ಲಿ ಆಟದ ಮಾಸ್ಟ್ರಾಗಿ ನಿವೃತ್ತರಾದವರು, ಯಾವ ನಿಯಮವನ್ನೂ ಪುಸ್ತಕ ನೋಡಿ ಹೇಳಿದವರಲ್ಲ. ಸೀಟಿ ಊದಿದರೆ ಅದೇ ನಿಯಮ.

“ಈಗ ಮೊಬೈಲಿನಲ್ಲಿ ಕೇಳಿದ್ರೆ ಎಐ ಎಲ್ಲ ಹೇಳ್ತದಲ್ಲ ಮಾರಾಯ್ತಿ,” ಎನ್ನುತ್ತಾರೆ. “ನಿನಗೆ ಇನ್ನೂ ಈ ಮಗ್ಗಿ ಪುಸ್ತಕ ಎಂತಕ್ಕೆ?”

ಅವರು ಗೇಲಿಗೆ ಹೇಳಿದ್ದು, ಆದರೆ ಮಾತು ಸರಿಯಾಗಿದೆ. ಮಗ್ಗಿ ಪುಸ್ತಕ ನಮ್ಮ ಕಾಲದ ಮೊದಲ ಕ್ವಿಕ್ ರೆಫರೆನ್ಸ್. ಪಂಚಾಂಗ ಎರಡನೆಯದು. ನಮ್ಮ ಅಜ್ಜನಿಗೆ ಗ್ರಹಗಳ ಗತಿ ತಿಳಿದಿರಲಿಲ್ಲ, ಏಕಾದಶಿ ಯಾವ ದಿನ ಎಂದು ನೋಡಲು ತಿಳಿದಿತ್ತು. ಅಷ್ಟರಿಂದಲೇ ಅವರ ಉಪವಾಸಗಳು ಸುಸೂತ್ರವಾಗಿ ನಡೆದವು. ಹೈಸ್ಕೂಲಿಗೆ ಬಂದಾಗ ಲಾಗ್ ಟೇಬಲ್ ಕೈಗೆ ಬಂತು. ಯಾರೋ ಪುಣ್ಯಾತ್ಮರು ತಲೆಕೆಡಿಸಿಕೊಂಡು ಕೂತು ಲೆಕ್ಕ ಮಾಡಿ ಇಟ್ಟ ಅಂಕೆಗಳನ್ನು ನಾವು ಬೆರಳಿಟ್ಟು ಎತ್ತಿಕೊಳ್ಳುತ್ತಿದ್ದೆವು. ಹಿಂದಿನ ಪಂಡಿತರು ಪದಕೋಶವನ್ನು ಬಾಯಿಪಾಠ ಮಾಡುತ್ತಿದ್ದರಂತೆ. ಮಾಡಲಿ, ಅವರಿಗೆ ಕೋಶ ಒಂದೇ ಇತ್ತು. ನನಗೆ ಪ್ರತಿ ವರ್ಷ ಎರಡು ಹೊಸ ಭಾಷೆ, ಮೂರು ಹೊಸ ಯಂತ್ರ ಬರುತ್ತವೆ. ಅವೆಲ್ಲವನ್ನೂ ತಲೆಯಲ್ಲಿಟ್ಟುಕೊಂಡರೆ ನೆರೆಮನೆಯವರ ಹೆಸರಿಗೆ ಜಾಗ ಉಳಿಯುವುದಿಲ್ಲ.

ಇಂಥ ಪುಸ್ತಕಕ್ಕೆ ಕನ್ನಡದಲ್ಲಿ ಕೈಪಿಡಿ ಎನ್ನುತ್ತೇವೆ. ಎಷ್ಟು ಚಂದದ ಮಾತು ನೋಡಿ. ಪಿಡಿ ಎಂದರೆ ಹಳಗನ್ನಡದಲ್ಲಿ ಹಿಡಿ. ಕೈಯಲ್ಲಿ ಹಿಡಿಯುವುದು ಕೈಪಿಡಿ ಎಂದು ವ್ಯಾಕರಣದವರು ಹೇಳಬಹುದು. ನಮ್ಮ ಕೈಯನ್ನು ಹಿಡಿಯುವುದು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಕೈಹಿಡಿದವರು ಮನೆಯಲ್ಲಿ ಒಬ್ಬರು ಇದ್ದಾರೆ ನಿಜ, ಆದರೆ ಅವರನ್ನು ಯಾವ ಪುಟದಲ್ಲಿ ತೆರೆದರೂ ಕಬಡ್ಡಿಯೇ ಬರುತ್ತದೆ.

ಎಐಯನ್ನು ನಾನು ಹಳಿಯುವವಳಲ್ಲ. ದಿನಾ ಅದರ ಜೊತೆ ಮಾತಾಡುತ್ತೇನೆ, ಬಹಳ ಸಭ್ಯ. ಒಂದು ಸಲ ಮಾತ್ರ ಅದು ನನಗೆ ಒಂದು ಆಜ್ಞೆಯನ್ನು ಎಷ್ಟು ಆತ್ಮವಿಶ್ವಾಸದಿಂದ ಹೇಳಿಕೊಟ್ಟಿತೆಂದರೆ, ಅಂಥದೊಂದು ಆಜ್ಞೆ ಲೋಕದಲ್ಲೇ ಇಲ್ಲವೆಂದು ತಿಳಿಯಲು ನನಗೆ ಮಧ್ಯಾಹ್ನದ ಊಟದವರೆಗೆ ಬೇಕಾಯಿತು. ದಾರಿ ಕೇಳಿದವರಿಗೆ ಗೊತ್ತಿಲ್ಲ ಎನ್ನಲು ಸಂಕೋಚಪಟ್ಟು ಎತ್ತಲೋ ಕೈ ತೋರಿಸುವ ಒಳ್ಳೆಯ ಜನ ನಮ್ಮಲ್ಲೂ ಇದ್ದಾರಲ್ಲ, ಹಾಗೆ. ಪುಸ್ತಕ ಅಷ್ಟು ಒಳ್ಳೆಯದಲ್ಲ. ತನ್ನಲ್ಲಿ ಇಲ್ಲದ್ದನ್ನು ಇಲ್ಲ ಎಂದೇ ತೋರಿಸುತ್ತದೆ.

ಇರಲಿ. ನಾನು ಹೇಳಹೊರಟದ್ದು ಝೊಹರಾಳ ಪೆಟ್ಟಿಗೆಯ ಕಥೆ.

ಝೊಹರಾ ಕೊಯಿಲದವಳು. ಗಲ್ಫಿನ ಒಂದು ಆಫೀಸಿನಲ್ಲಿ ಎಷ್ಟೋ ವರ್ಷ ದುಡಿದು, ಸಾಕು ಎಂದು ಊರಿಗೆ ಬಂದು, ತಾಯಿಯ ಜೊತೆ ಇದ್ದುಕೊಂಡು ಊರಕೋಳಿಯ ಮರಿ ಮಾಡುವ ಕೆಲಸ ಶುರುಮಾಡಿದಳು. ಮನೆಯವರು ನಕ್ಕರಂತೆ. “ಕೋಳಿ ಅದರಷ್ಟಕ್ಕೆ ಕಾವಿಗೆ ಕೂರ್ತದೆ, ನೀನು ಎಂತಕ್ಕೆ ಕೂರುದು?” ಎಂದು ಅವಳ ಮಾವನೇ ಕೇಳಿದ್ದರು. ಝೊಹರಾ ಬೀರುವಿನಷ್ಟು ಎತ್ತರದ ಒಂದು ಪೆಟ್ಟಿಗೆ ಮಾಡಿಸಿದಳು. ಒಳಗೆ ಹಂತಹಂತವಾಗಿ ಮೊಟ್ಟೆಯ ತಟ್ಟೆಗಳು, ಬಿಸಿಗೆ ಹೀಟರು, ಗಾಳಿಗೆ ಫ್ಯಾನು, ಮೊಟ್ಟೆಗಳನ್ನು ಆಗಾಗ ವಾಲಿಸಲು ಒಂದು ಮೋಟಾರು. ಇವೆಲ್ಲಕ್ಕೆ ಬುದ್ಧಿ ಹೇಳುವ ಸಣ್ಣ ಬೋರ್ಡು ಮತ್ತು ಅದರ ಪ್ರೋಗ್ರಾಂ ನನ್ನದು. ಕೋಳಿ ಮೊಟ್ಟೆಗೆ ಮೂವತ್ತೇಳೂವರೆ ಡಿಗ್ರಿಯ ಕಾವು ಇಪ್ಪತ್ತೊಂದು ದಿನ ಬೇಕು. ಒಂದೆರಡು ಡಿಗ್ರಿ ಏರಿ ನಿಂತರೂ ಒಳಗಿನ ಜೀವ ಹೋಗುತ್ತದೆ.

ಮೊಟ್ಟೆಗಳು ಅವಳದ್ದಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಮಂಡೆಕೋಲು ಊರಿನ ಕೆಲವು ಹೆಂಗಸರು ಸೇರಿ ಹಳೆಯ ತಳಿಯ ಕೋಳಿ ಸಾಕುತ್ತಿದ್ದರು. ಊರೂರಲ್ಲಿ ಆ ತಳಿ ಮಾಯವಾಗುತ್ತಿದೆಯೆಂದು ಅವರಿಗೆ ಅದರ ಮೇಲೆ ವಿಶೇಷ ಅಕ್ಕರೆ. ತಿಂಗಳಾನುಗಟ್ಟಲೆ ಯೋಚಿಸಿ, ಕೊನೆಗೆ ಝೊಹರಾಳನ್ನು ನಂಬಿ, ಮೊಟ್ಟೆಗಳನ್ನು ಭತ್ತದ ಹೊಟ್ಟಿನಲ್ಲಿ ಹುದುಗಿಸಿ ಜೀಪಿನಲ್ಲಿ ಅವಳಲ್ಲಿಗೆ ತಂದಿದ್ದರು. “ಮರಿಯನ್ನೇ ವಾಪಸ್ ಕೊಡ್ತೇನೆ,” ಎಂದು ಅವಳು ಮಾತು ಕೊಟ್ಟಿದ್ದಳು.

ಆ ಮೇ ತಿಂಗಳ ಸಂಜೆಯ ಸಿಡಿಲು ನಿಮಗೆ ನೆನಪಿರಲಿಕ್ಕಿಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ ಸಿಡಿಲಿಗೆ ಬರವಿಲ್ಲ. ಕುಂಬ್ರದಲ್ಲಿ ನಾವು ಟಿವಿಯ ವಯರು ಎಳೆದಿಟ್ಟು ಮಲಗಿದೆವು. ಬೆಳಿಗ್ಗೆ ಪೇಟೆಗೆ ಹಾಲು ತರಲು ಹೋದ ಯಜಮಾನರು ಗಂಭೀರ ಮುಖ ಮಾಡಿಕೊಂಡು ಬಂದರು.

“ಕೊಯಿಲದಲ್ಲಿ ಯಾರಿಗೋ ಬೋರ್ಡ್ ಪರೀಕ್ಷೆಯಂತೆ. ಜೋರು ಮಂಡೆಬಿಸಿಯಂತೆ. ನೀನು ಹೋಗ್ಬೇಕಂತೆ.”

“ಮೇ ತಿಂಗಳಲ್ಲಿ ಎಂಥ ಬೋರ್ಡ್ ಪರೀಕ್ಷೆ? ಯಾರು ಹೇಳಿದ್ದು ನಿಮಗೆ?”

“ಅಂಗಡಿಯವ ಹೇಳಿದ. ಅವನಿಗೆ ಬಸ್ಸಿನ ಕಂಡಕ್ಟರ್ ಹೇಳಿದ್ದು. ಕಂಡಕ್ಟರಿಗೆ ಪುತ್ತೂರು ಸ್ಟ್ಯಾಂಡಿನಲ್ಲಿ ಇನ್ನೊಂದು ಬಸ್ಸಿನವ ಹೇಳಿದ್ದಂತೆ.”

ನಾನು ಆ ಸುದ್ದಿಯನ್ನು ಬಿಚ್ಚಿ ನೋಡಿದೆ. ಕೊಯಿಲ, ಬೋರ್ಡು, ಬಿಸಿ, ಜೋರು. ಜೋರು ಅಲ್ಲ ಅದು, ಝೊಹರಾ! ಝೊಹರಾಳ ಬೋರ್ಡು ಹೋಗಿದೆ, ಬಿಸಿ ನಿಲ್ಲುತ್ತಿಲ್ಲ. ಫೋನು ಮಾಡಿದರೆ ತಲುಪುತ್ತಿರಲಿಲ್ಲ. ಸಿಡಿಲಿಗೆ ಆ ಕಡೆಯ ಟವರೇ ಮಲಗಿತ್ತೆಂದು ಆಮೇಲೆ ತಿಳಿಯಿತು. ಬೋರ್ಡಿನ ಸುದ್ದಿ ಮೂರು ಬಾಯಿ ದಾಟುವಾಗ ಪರೀಕ್ಷೆಯಾಗಿ, ಪೆಟ್ಟಿಗೆಯ ಬಿಸಿ ಮಂಡೆಗೆ ಏರಿತ್ತು. ಆದರೂ ಆ ಬಸ್ಸಿನವರಿಗೆ ನಾನು ಋಣಿ. ಸುದ್ದಿ ಹೊತ್ತವರು ಅವರೇ.

ಲ್ಯಾಪ್‌ಟಾಪು, ಬೆಸುಗೆ ಹಾಕುವ ಕಡ್ಡಿ, ಕಪಾಟಿನಲ್ಲಿದ್ದ ಇನ್ನೊಂದು ಬೋರ್ಡು, ಚೂರುಪಾರು ಬಿಡಿಭಾಗಗಳ ಬಿಸ್ಕೆಟ್ ಡಬ್ಬ, ಇಷ್ಟನ್ನು ಚೀಲಕ್ಕೆ ತುಂಬಿದೆ. ಮೇಜಿನಿಂದ ಒಂದು ಪುಸ್ತಕವನ್ನೂ ಎತ್ತಿ ಹಾಕಿದೆ. ಅದರ ರಟ್ಟು ಹೋಗಿ ಎಷ್ಟೋ ಕಾಲವಾಗಿದೆ, ಮೊದಲ ಪುಟವೇ ಈಗ ರಟ್ಟು.

ಯಜಮಾನರು ಕಾರಿನ ಕೀಲಿ ಹಿಡಿದು ನಿಂತವರು ನೋಡಿದರು. “ಬೆಂಕಿ ನಂದಿಸ್ಲಿಕ್ಕೆ ಹೋಗುವಾಗ ಪುಸ್ತಕ ಓದ್ಲಿಕ್ಕುಂಟಾ?”

“ಓದ್ಲಿಕ್ಕಲ್ಲ, ನೋಡ್ಲಿಕ್ಕೆ,” ಎಂದೆ.

ಪುತ್ತೂರು ದಾಟಿ, ಉಪ್ಪಿನಂಗಡಿ ದಾಟಿ ಹೋಗುವಾಗ ರಸ್ತೆಗೆ ಬಿದ್ದ ಮರಗಳ ಸೊಪ್ಪನ್ನು ಜನ ಬದಿಗೆ ಎಳೆಯುತ್ತಿದ್ದರು. ಎರಡು ಕಡೆ ಯಜಮಾನರೂ ಇಳಿದು ಎಳೆದರು, ಜೊತೆಗೆ ಉಳಿದವರಿಗೆ ಹೇಗೆ ಎಳೆಯಬೇಕೆಂದು ಸೂಚನೆಯನ್ನೂ ಕೊಟ್ಟರು. ಝೊಹರಾಳ ಮನೆ ಮುಟ್ಟಿದಾಗ ಬಿಸಿಲು ಏರಿತ್ತು.

ಪೆಟ್ಟಿಗೆಯ ಮುಂದೆ ಒಂದು ಮಣೆ. ಮಣೆಯ ಮೇಲೆ ಝೊಹರಾಳ ತಾಯಿ. ಅವರ ಒಂದು ಕೈ ಹೀಟರಿನ ಸ್ವಿಚ್ಚಿನ ಮೇಲೆ, ಕಣ್ಣು ಗಾಜಿನ ಕಿಟಕಿಯೊಳಗಿನ ಥರ್ಮಾಮೀಟರಿನ ಮೇಲೆ. ಇಳಿದರೆ ಒತ್ತುವುದು, ಏರಿದರೆ ಆರಿಸುವುದು. ಹಿಂದಿನ ಸಂಜೆಯಿಂದ ತಾಯಿ ಮಗಳು ಸರದಿಯ ಮೇಲೆ ಇದನ್ನೇ ಮಾಡುತ್ತಿದ್ದರು. ಕರೆಂಟು ಹೋದಾಗ ಇನ್ವರ್ಟರು, ನಡುವೆ ತಟ್ಟೆಗಳನ್ನು ಕೈಯಲ್ಲಿ ಮುಟ್ಟಿ ನೋಡುವುದು.

“ಬಂದ್ರಾ ಅಕ್ಕ,” ಎಂದಳು ಝೊಹರಾ. ಕಣ್ಣು ಕೆಂಪಗಿತ್ತು. “ಇನ್ನು ಮೂರು ದಿನದಲ್ಲಿ ಮೊಟ್ಟೆ ಒಡಿಯುದು. ಉಮ್ಮನಿಗೆ ಕೂತು ಕೂತು ಸೊಂಟ ಇಲ್ಲ. ಮೂರು ದಿನ ನಮ್ಮಿಂದ ಆಗ್ಲಿಕ್ಕಿಲ್ಲ. ಮಂಡೆಕೋಲಿನವರಿಗೆ ನಾನು ಎಂತ ಹೇಳುದು?”

“ಹೇಳುದು ಎಂತದೂ ಇಲ್ಲ. ಮರಿ ಕೊಡುದು,” ಎಂದೆ. ಧೈರ್ಯ ಹೇಳುವಾಗ ನನ್ನ ದನಿ ನನಗೇ ಯಜಮಾನರ ಸೀಟಿಯಂತೆ ಕೇಳಿಸಿತು.

ಸುಟ್ಟ ಬೋರ್ಡನ್ನು ಬಿಚ್ಚಿದೆ. ಹೊಸದನ್ನು ಕೂರಿಸಿದೆ. ಹಳೆಯ ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲಿತ್ತು, ಅದನ್ನೂ ಹಾಕಿದೆ. ಬೋರ್ಡು ಎಚ್ಚರವಾಯಿತು, ಆದರೆ ಬಿಸಿ ಎಷ್ಟೆಂದು ಅದಕ್ಕೆ ತಿಳಿಯಲಿಲ್ಲ. ಬಿಸಿ ಅಳೆಯುವ ಸೆನ್ಸರು ಕೂಡ ಸಿಡಿಲಿನ ಪಾಲಾಗಿತ್ತು. ಅಂಥದ್ದು ನನ್ನ ಹತ್ತಿರ ಇನ್ನೊಂದಿರಲಿಲ್ಲ. ತರಿಸಿದರೆ ಬರಲು ಒಂದು ವಾರ.

ಬಿಸ್ಕೆಟ್ ಡಬ್ಬವನ್ನು ಜಗಲಿಯ ಮೇಲೆ ಬೋರಲು ಹಾಕಿದೆ. ಸ್ಕ್ರೂ, ವಯರು, ಬಣ್ಣಬಣ್ಣದ ಸಣ್ಣ ದೀಪಗಳ ನಡುವೆ, ಪುಟ್ಟ ಪ್ಲಾಸ್ಟಿಕ್ ಲಕ್ಕೋಟೆಯೊಳಗೆ ಒಂದು ಥರ್ಮಿಸ್ಟರ್ ಸಿಕ್ಕಿತು. ಕೊತ್ತಂಬರಿ ಕಾಳಿನಷ್ಟು ದಪ್ಪ, ಎರಡು ಕಾಲಿನ ಮಣಿ. ಬಿಸಿಯಾದಷ್ಟೂ ಅದರೊಳಗೆ ಕರೆಂಟಿಗೆ ಇರುವ ತಡೆ ಕಮ್ಮಿಯಾಗುತ್ತದೆ. ಅಗ್ಗದ ಪ್ರಾಣಿ, ಆದರೆ ಪ್ರಾಮಾಣಿಕ. ಒಂದೇ ಕೊರತೆ, ಅದು ಡಿಗ್ರಿಯಲ್ಲಿ ಮಾತಾಡುವುದಿಲ್ಲ. ತನ್ನ ತಡೆ ಎಷ್ಟು ಎಂದಷ್ಟೇ ಹೇಳುತ್ತದೆ. ಅದನ್ನು ಡಿಗ್ರಿಗೆ ತಿರುಗಿಸುವುದು ಪ್ರೋಗ್ರಾಂ ಬರೆದವರ ಪಾಡು. ಅದಕ್ಕೊಂದು ಸೂತ್ರವುಂಟು ಎಂದು ನನಗೆ ಗೊತ್ತಿತ್ತು. ಆ ಸೂತ್ರ ಏನೆಂದು ಗೊತ್ತಿರಲಿಲ್ಲ.

ಕೈ ಅಭ್ಯಾಸಬಲದಿಂದ ಮೊಬೈಲಿಗೆ ಹೋಯಿತು. ತೆರೆಯ ಮೂಲೆಯಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇರಲಿಲ್ಲ. ಯಜಮಾನರು ತಮ್ಮ ಮೊಬೈಲನ್ನು ಮೇಲೆತ್ತಿ ಅಂಗಳದಲ್ಲಿ ಒಂದು ಸುತ್ತು ಬಂದು, ತೆಂಗಿನ ಕಟ್ಟೆ ಹತ್ತಿ, ಇಳಿದು ಬಂದರು. ಚೀಲದಿಂದ ನನ್ನ ಪುಸ್ತಕ ತೆಗೆದು ತಾವೇ ನನ್ನ ಮಡಿಲಿಗೆ ಹಾಕಿದರು. ಮದುವೆಯಾದ ಮೇಲೆ ಅವರು ನನಗೆ ಕೊಟ್ಟ ಉಡುಗೊರೆಗಳಲ್ಲಿ ಇದನ್ನೂ ಸೇರಿಸಿಕೊಂಡಿದ್ದೇನೆ.

ಪುಸ್ತಕದ ಕೊನೆಯ ಭಾಗದಲ್ಲಿ ಸೆನ್ಸರುಗಳಿಗೆಂದು ಎರಡು ಪುಟ. ಅದರಲ್ಲಿ ಥರ್ಮಿಸ್ಟರಿಗೆ ನಾಲ್ಕು ಸಾಲು. ವಯರು ಎಲ್ಲಿಂದ ಎಲ್ಲಿಗೆ, ಸೂತ್ರ ಯಾವುದು, ಲಕ್ಕೋಟೆಯ ಮೇಲೆ ಬರೆದ ಯಾವ ಅಂಕೆಯನ್ನು ಅದರಲ್ಲಿ ಎಲ್ಲಿ ಹಾಕಬೇಕು, ಬಂದ ಉತ್ತರದಿಂದ ಎಷ್ಟು ಕಳೆದರೆ ನಮ್ಮ ಡಿಗ್ರಿ. ಇಷ್ಟೇ. ಆ ನಾಲ್ಕು ಸಾಲು ಬರೆದವರ ಹೆಸರು ನನ್ನ ಪ್ರತಿಯಲ್ಲಿ ರಟ್ಟಿನ ಜೊತೆಗೇ ಹೋಗಿದೆ. ಯಾವ ಊರಿನವರೋ ಏನೋ, ಆ ಹೊತ್ತಿಗೆ ಅವರು ಕೊಯಿಲದ ಒಂದು ಜಗಲಿಯಲ್ಲಿ ನನ್ನ ಪಕ್ಕ ಕೂತಿದ್ದರು.

ಬೆಸುಗೆ ಹಾಕಿದೆ, ಬರೆದೆ, ಬೋರ್ಡಿಗೆ ತುಂಬಿಸಿದೆ. ತೆರೆಯ ಮೇಲೆ ಅಂಕೆ ಮೂಡಿತು. ಮೂವತ್ತು.

“ಮೂವತ್ತಾ?” ಝೊಹರಾ ಕಿಟಕಿಯೊಳಗೆ ಬಗ್ಗಿದಳು. “ಇಲ್ಲಕ್ಕ, ಥರ್ಮಾಮೀಟರಿನಲ್ಲಿ ಮೂವತ್ತೇಳೂವರೆ ಉಂಟು.”

ಅಂಕೆ ಸಾವಿರವೋ ಸೊನ್ನೆಯೋ ಬಂದಿದ್ದರೆ ಹೆದರಿಕೆಯಿಲ್ಲ, ಅದು ತಪ್ಪೆಂದು ಕೂಗಿ ಹೇಳುತ್ತದೆ. ಮೂವತ್ತು ಎನ್ನುವುದು ಸಭ್ಯ ವೇಷದ ತಪ್ಪು. ನೋಡಿದರೆ ನಂಬುವ ಹಾಗಿದೆ. ಅದನ್ನು ನಂಬಿ ಬಿಟ್ಟಿದ್ದರೆ ಬೋರ್ಡು “ಛೆ, ತಣ್ಣಗಾಗಿದೆ” ಎಂದುಕೊಂಡು ಹೀಟರನ್ನು ಆರಿಸದೆ ಉರಿಸುತ್ತಿತ್ತು. ಒಳಗಿನ ಜೀವಗಳು ಅಲ್ಲೇ ಬೇಯುತ್ತಿದ್ದವು.

ಮಣಿಯೇ ಕೆಟ್ಟಿರಬೇಕು ಎಂದುಕೊಂಡೆ. ಹಾಗಾದರೆ ಮುಗಿಯಿತು, ಇನ್ನೊಂದು ಮಣಿ ಇಲ್ಲ. ಯಜಮಾನರು, ಫ್ರಿಜ್ಜಿನೊಳಗೂ ಇಂಥ ಮಣಿ ಇರಬಹುದು, ಉಪ್ಪಿನಂಗಡಿಯಲ್ಲಿ ಫ್ರಿಜ್ಜು ರಿಪೇರಿಯವರನ್ನು ಹುಡುಕುತ್ತೇನೆಂದು ಕೀಲಿ ತೆಗೆದುಕೊಂಡರು. “ಒಂದು ನಿಮಿಷ ನಿಲ್ಲಿ,” ಎಂದೆ. ಬಿಡುವ ಮನಸ್ಸಾಗಲಿಲ್ಲ. ನಾನು ಬರೆದದ್ದನ್ನು ಸಾಲುಸಾಲಾಗಿ, ಪ್ರತಿ ಪದದ ಮೇಲೆ ಬೆರಳಿಟ್ಟು, ಪುಸ್ತಕದ ಜೊತೆ ತಾಳೆ ನೋಡುತ್ತ ಬಂದೆ. ಸೂತ್ರದಲ್ಲಿ ಒಂದು ಲಾಗ್ ಇತ್ತು. ಲಾಗ್ ಎಂದ ಕೂಡಲೇ ನನ್ನ ತಲೆಯೊಳಗೆ ಹೈಸ್ಕೂಲಿನ ಲಾಗ್ ಟೇಬಲ್ ತೆರೆದುಕೊಂಡಿತ್ತು, ಹತ್ತರ ಮೇಲೆ ಕಟ್ಟಿದ ಲಾಗ್. ಅದನ್ನೇ ಹಾಕಿದ್ದೆ. ಯಾವ ಅನುಮಾನವೂ ಬಂದಿರಲಿಲ್ಲ, ಆದ್ದರಿಂದಲೇ ಲಾಗ್ ಎಂದರೆ ಯಾವ ಲಾಗ್ ಎಂದು ಪುಸ್ತಕದಲ್ಲಿ ನೋಡಿರಲಿಲ್ಲ. ಈಗ ಗಣಿತದ ಪುಟ ತೆರೆದೆ. ಎರಡು ಬಗೆಯ ಲಾಗ್ ಅಕ್ಕಪಕ್ಕ. ಬರೇ ‘ಲಾಗ್’ ಎಂದು ಬರೆದರೆ ಸಹಜ ಲಾಗ್, ಮುಂದೆ ಹತ್ತು ಸೇರಿಸಿದರೆ ಮಾತ್ರ ಶಾಲೆಯ ಲಾಗ್. ಸೂತ್ರಕ್ಕೆ ಬೇಕಾದದ್ದು ಸಹಜವಾದದ್ದು.

ಮುಂದಿನ ಹತ್ತನ್ನು ಅಳಿಸಿದೆ. ಎರಡೇ ಎರಡು ಅಕ್ಷರ, ಒಂದು ಮತ್ತು ಸೊನ್ನೆ. ಮತ್ತೆ ತುಂಬಿಸಿದೆ. ಎಲ್ಲರೂ ತೆರೆಯನ್ನೇ ನೋಡುತ್ತಿದ್ದೆವು. ಮೂವತ್ತೇಳು ಪಾಯಿಂಟ್ ನಾಲ್ಕು. ಸ್ವಲ್ಪ ಹೊತ್ತಿನಲ್ಲಿ ಹೀಟರು ಅದರಷ್ಟಕ್ಕೆ ಹೊತ್ತಿಕೊಂಡಿತು. ಅಂಕೆ ಏರಿತು. ಹೀಟರು ಅದರಷ್ಟಕ್ಕೆ ಆರಿತು.

ಉಮ್ಮ ಸ್ವಿಚ್ಚಿನ ಮೇಲಿಂದ ಕೈ ತೆಗೆಯಲಿಲ್ಲ. ಝೊಹರಾ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದಳು. ಉಮ್ಮ ಏನೋ ಉತ್ತರಿಸಿದರು.

“ಎಂತ ಹೇಳ್ತಾರೆ?”

“ಇನ್ನೊಂದು ಸಲ ಆರಿ ಹೊತ್ತಲಿ, ಮತ್ತೆ ಏಳ್ತೇನೆ ಅಂತ.”

ಅದು ಮತ್ತೊಮ್ಮೆ ಆರಿ ಹೊತ್ತಿದ ಮೇಲೆ, ಯಜಮಾನರೂ ಝೊಹರಾಳೂ ಎರಡು ಕಡೆ ಹಿಡಿದು ಉಮ್ಮನನ್ನು ಮಣೆಯಿಂದ ಎಬ್ಬಿಸಿದರು. ಎದ್ದವರು ಮಲಗಲು ಹೋಗದೆ ನಮಗೆ ಪತ್ತಿರಿ ಮಾಡಲು ಹೋದರು. ಅಕ್ಕಿಯ ಆ ರೊಟ್ಟಿಯನ್ನು ಕೋಳಿ ಸಾರಿನ ಜೊತೆ ತಿನ್ನುವುದು ವಾಡಿಕೆ. ಆ ದಿನ ಮಾತ್ರ ಯಾರೂ ಕೋಳಿಯ ಹೆಸರೆತ್ತಲಿಲ್ಲ, ಮೀನಿನ ಸಾರು ಬಂತು.

ಊಟದ ಹೊತ್ತಿಗೆ ಝೊಹರಾ ನನ್ನ ಪುಸ್ತಕವನ್ನು ತಿರುವಿ ಹಾಕುತ್ತಿದ್ದಳು. ಇಂಗ್ಲಿಷ್ ಅವಳಿಗೆ ಚೆನ್ನಾಗಿ ಬರುತ್ತದೆ. ಆದರೂ ಹುಬ್ಬು ಗಂಟಿಕ್ಕಿತ್ತು.

“ಅಕ್ಕ, ಇದರಲ್ಲಿ ಅಕ್ಷರ ಎಲ್ಲ ಗೊತ್ತಾಗ್ತದೆ, ವಿಷಯ ಗೊತ್ತಾಗುದಿಲ್ಲ.”

“ಅದು ಗೊತ್ತಿದ್ದವರಿಗೆ ನೆನಪು ಮಾಡುವ ಪುಸ್ತಕ ಝೊಹರಾ. ಕಲಿಸುವ ಪುಸ್ತಕ ಅಲ್ಲ.”

“ಹಾಗಾದ್ರೆ ಮೊದಲು ನೀವು ಕಲಿಸಿ. ಮತ್ತೆ ನೆನಪು ಮಾಡುವ ಪುಸ್ತಕವೂ ನೀವೇ ಬರೀರಿ, ಕನ್ನಡದಲ್ಲಿ. ಮುಂದಿನ ಸಿಡಿಲಿಗೆ ನೀವು ಕುಂಬ್ರದಿಂದ ಓಡಿ ಬರುದು ಬೇಡ. ಬಸ್ಸಿನವರು ಸುದ್ದಿ ಮುಟ್ಟಿಸದಿದ್ರೆ ಎಂತ ಮಾಡುದು ನಾನು?”

ಅವಳು ಅದನ್ನು ಕೇಳಿದ ರೀತಿಯಲ್ಲಿ ಕೃತಜ್ಞತೆ ಏನೂ ಇರಲಿಲ್ಲ, ಹಟ ಇತ್ತು. ನನಗೆ ಅದು ಬಹಳ ಹಿಡಿಸಿತು. ಧನ್ಯವಾದ ಹೇಳಿಸಿಕೊಂಡವರು ಮನೆಗೆ ಹೋಗಿ ಮಲಗಬಹುದು. ಹಟವನ್ನು ಕಂಡವರಿಗೆ ಹಾಗೆ ಮಲಗಲಾಗುವುದಿಲ್ಲ.

ಮೂರನೆಯ ದಿನ ನನ್ನ ಫೋನು ಬಡಿದುಕೊಂಡಿತು. ಹಲೋ ಎಂದರೆ ಉತ್ತರವಿಲ್ಲ. ಒಂದು ಕ್ಷಣ ಬಿಟ್ಟು ಚಿಂವ್ ಎಂದಿತು. ಮತ್ತೊಂದು ಚಿಂವ್. ಆಮೇಲೆ ಫೋನಿನ ತುಂಬ ಅದೇ. ಯಜಮಾನರು ಫೋನಿಗೆ ಕಿವಿ ಕೊಟ್ಟು, “ಈ ಸಲ ಸುದ್ದಿ ಸರಿಯಾಗಿ ಬಂತು,” ಎಂದರು. ಎಲ್ಲ ಮೊಟ್ಟೆಯೂ ಒಡೆಯಲಿಲ್ಲ, ಕೆಲವು ಹಾಗೆಯೇ ಉಳಿದವು. ಸಿಡಿಲು ಬಡಿದ ಆ ಮೊದಲ ಗಳಿಗೆಯಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. ಮಂಡೆಕೋಲಿನ ಹೆಂಗಸರು ಬಂದು ಉಳಿದ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ ಕಿವಿಯ ಹತ್ತಿರ ಹಿಡಿದು ನೋಡಿದರಂತೆ. ಆಮೇಲೆ ಮರಿಗಳನ್ನು ಬುಟ್ಟಿಗೆ ತುಂಬಿಕೊಂಡು, ಮುಂದಿನ ಸಲದ ಮೊಟ್ಟೆ ಯಾವಾಗ ತರಬೇಕೆಂದು ಕೇಳಿ ಹೋದರಂತೆ.

ಆ ಮಳೆಗಾಲ ನಾನು ಪುಸ್ತಕ ಬರೆಯಲು ಕೂತೆ. ಝೊಹರಾ ವಾರಕ್ಕೊಮ್ಮೆ ಕುಂಬ್ರಕ್ಕೆ ಬಂದು ಕಲಿತು ಹೋಗುತ್ತಿದ್ದಳು. ಅವಳು ಕೇಳಿದ ಪ್ರಶ್ನೆಗಳೇ ನನ್ನ ಅಧ್ಯಾಯಗಳು. ದೊಡ್ಡ ಪುಸ್ತಕ ಬರೆಯುವುದು ಸುಲಭ, ಗೊತ್ತಿದ್ದದ್ದನ್ನೆಲ್ಲ ಸುರಿದರೆ ಆಯಿತು. ಸಣ್ಣ ಪುಸ್ತಕದಲ್ಲಿ ಬಿಡುವುದೇ ಕೆಲಸ. ಒಂದೊಂದು ಸಾಲನ್ನು ಬಿಡುವಾಗಲೂ ನನ್ನ ಪಾಂಡಿತ್ಯ ಅಳುತ್ತಿತ್ತು. ಪ್ರೋಗ್ರಾಮಿನಲ್ಲಿ ಬದಲಾಗುವ ಅಂಕೆಯನ್ನು ಹಾಕಿಡುವ ವೇರಿಯೇಬಲ್ಲಿಗೆ ಕನ್ನಡದಲ್ಲಿ ಏನೆನ್ನುವುದು ಎಂದು ಎರಡು ದಿನ ಯೋಚಿಸಿ ‘ಚರ’ ಎಂದು ಬರೆದೆ. ಝೊಹರಾ ಓದಿ, “ಇದು ಯಾರು?” ಎಂದಳು. ವೇರಿಯೇಬಲ್ ಎಂದೇ ಇಟ್ಟೆ. ನಿಘಂಟಿನಿಂದ ಇಳಿಸಿ ತಂದ ಪದಗಳೆಲ್ಲ ಹೀಗೆ ಒಂದೊಂದಾಗಿ ವಾಪಸು ಹೋದವು. ಉಳಿದದ್ದು ಅವಳೂ ನಾನೂ ಮಾತಾಡುವ ಕನ್ನಡ.

ಸುಳ್ಯದಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಗೆಳತಿಯೊಬ್ಬಳು ಕರಡು ನೋಡಿ ನಯವಾಗಿ ಹೇಳಿದಳು. “ಒಳ್ಳೇದುಂಟು. ಆದ್ರೆ ಈಗಿನ ಕಾಲದಲ್ಲಿ ಇದನ್ನು ಯಾರು ತೆಗೊಳ್ಳುದು ಮಾರಾಯ್ತಿ?”

“ಗೊತ್ತಿಲ್ಲ,” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಬರೆಯುವುದು ನಿಲ್ಲಲಿಲ್ಲ. ಗೊತ್ತಿಲ್ಲದೆಯೂ ಮಾಡಬಹುದಾದ ಕೆಲಸಗಳು ಲೋಕದಲ್ಲಿ ಬೇಕಾದಷ್ಟಿವೆ. ಯಜಮಾನರು ಕರಡು ತಿದ್ದಿದರು. ಪ್ರೋಗ್ರಾಮಿನ ಗಂಧವಿಲ್ಲದವರು ತಿದ್ದಿದರೆ ಒಳ್ಳೆಯದೆಂದು ನಾನೇ ಕೊಟ್ಟಿದ್ದೆ. ಅವರು ಪ್ರತಿ ಪುಟದ ಅಂಚಿನಲ್ಲೂ “ಇನ್ನೂ ಗಿಡ್ಡ ಮಾಡು” ಎಂದು ಬರೆದರು. ಆಟದ ಮಾಸ್ಟ್ರು ತಾನೇ, ಉದ್ದ ಭಾಷಣ ಅವರಿಗೆ ಆಗುವುದಿಲ್ಲ. ಪುತ್ತೂರಿನ ಪ್ರೆಸ್ಸಿನವರಿಗೆ ಪುಟಗಳನ್ನು ಲ್ಯಾಮಿನೇಟ್ ಮಾಡಿಕೊಡಿ ಎಂದಾಗ ಅವರು, “ಹೋಟೆಲಿನ ಮೆನುವಾ ಅಕ್ಕ?” ಎಂದು ಕೇಳಿದರು. ಮೊಟ್ಟೆ, ನೀರು, ಎಣ್ಣೆ, ಬೆಸುಗೆ ಮುಟ್ಟಿದ ಕೈಗಳು ಮುಟ್ಟುವ ಪುಸ್ತಕವದು, ಒರೆಸಿದರೆ ಕೊಳೆ ಹೋಗಬೇಕು ಎಂದು ವಿವರಿಸಿದೆ. ಮೊದಲ ಪ್ರತಿಯನ್ನು ಝೊಹರಾಳಿಗೆ ಕೊಟ್ಟು ಬಂದೆ.

ಆಮೇಲೆ ಬಹಳ ದಿನ ಅವಳ ಸುದ್ದಿಯಿಲ್ಲ. ನಾನೂ ಕೇಳಲಿಲ್ಲ. ಪುಸ್ತಕ ಕೊಟ್ಟು ಅಭಿಪ್ರಾಯ ಕೇಳುವುದು, ಊಟ ಬಡಿಸಿ ಬಾಯಿಯನ್ನೇ ನೋಡುತ್ತ ನಿಂತಂತೆ. ಕಪಾಟಿನಲ್ಲಿ ಕೂತಿರಬಹುದು ಎಂದು ಒಳಗೊಳಗೇ ಅಂದುಕೊಂಡೆ. ಹಾಗೆ ಅಂದುಕೊಂಡೇ ಎರಡನೆಯ ಭಾಗಕ್ಕೆ ಟಿಪ್ಪಣಿ ಮಾಡತೊಡಗಿದ್ದೆ. ಹಟ ಹತ್ತಿಕೊಳ್ಳುವ ಸ್ವಭಾವದ್ದು, ಝೊಹರಾಳಿಂದ ನನಗೆ ಹತ್ತಿತ್ತು.

ಮೊನ್ನೆ ಅವಳ ಫೋನು ಬಂತು. ಪೆಟ್ಟಿಗೆಗೆ ಈಗ ಬಾತುಕೋಳಿಯ ಮೊಟ್ಟೆ ಇಟ್ಟಿದ್ದಾಳಂತೆ. ಬಾತಿಗೆ ದಿನ ಹೆಚ್ಚು, ಒಳಗಿನ ತೇವವೂ ಹೆಚ್ಚು ಬೇಕು. ಪ್ರೋಗ್ರಾಮನ್ನು ಅದಕ್ಕೆ ತಕ್ಕಂತೆ ಬದಲಿಸಿದಳಂತೆ. ನನಗೆ ಹೇಳದೆ, ಕೇಳದೆ, ಅವಳೇ.

“ಎಲ್ಲ ಸರಿ ಆಯ್ತು ಅಕ್ಕ. ಆದ್ರೆ ನಿಮ್ಮ ಪುಸ್ತಕದಲ್ಲಿ ಒಂದು ತಪ್ಪುಂಟು. ಮೋಟಾರಿನ ಪುಟದಲ್ಲಿ ಎರಡನೇ ಸಾಲಿನ ಕೊನೆಗೆ ಸೆಮಿಕೋಲನ್ ಬಿಟ್ಟುಹೋಗಿದೆ. ಬೋರ್ಡು ಅರ್ಧ ದಿನ ಕಿರಿಕಿರಿ ಮಾಡ್ತು.”

“ಅಯ್ಯೋ! ಮತ್ತೆ ಎಂತ ಮಾಡಿದೆ?”

“ಎಂತ ಮಾಡುದು? ನಾನು ಹಾಕಿಕೊಂಡೆ. ಪುಸ್ತಕದಲ್ಲೂ ಪೆನ್ನಿನಿಂದ ಹಾಕಿಟ್ಟೆ.”

ಕಪಾಟಿನಲ್ಲಿ ಕೂತ ಪುಸ್ತಕದಲ್ಲಿ ತಪ್ಪು ಸಿಗುವುದಿಲ್ಲ. ನಾನು ಫೋನಿಟ್ಟು, ಬರೆಯುವ ಬಳಗದ ಯಾರಿಗೂ ಈವರೆಗೆ ಸಿಕ್ಕಿರದ ಹೊಗಳಿಕೆ ನನಗೆ ಸಿಕ್ಕಿತೆಂದು ಯಜಮಾನರಿಗೆ ಹೇಳಲು ಒಳಗೆ ಓಡಿದೆ.